ಹನಿಯೋ, ಸೂಜಿಯೋ, ಎರಡೂ ಬೇಕೋ: ಕರುಳಿನ ವೈರಸ್‌ಗಳಿಗೆ ಲಸಿಕೆ ಆರಿಸುವ ಬಗೆ

ಮೈಸೂರು, ಮಂಡ್ಯ ಜಿಲ್ಲೆಗಳ ಅಂಗನವಾಡಿಗಳಲ್ಲೂ ಉಪಕೇಂದ್ರಗಳಲ್ಲೂ ಗುರುವಾರ ನಡೆಯುವ ಲಸಿಕಾ ದಿನಕ್ಕೆ ಆರು ವಾರದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಒಂದು ವಿಚಿತ್ರ ಕಾಣುತ್ತದೆ. ಮಗುವಿನ ಬಾಯಿಗೆ ಎರಡು ಹನಿ ಪೋಲಿಯೋ ಲಸಿಕೆ ಬೀಳುತ್ತದೆ, ಅದರ ಬೆನ್ನಿಗೆ ರೋಟಾವೈರಸ್ ಲಸಿಕೆಯೂ ಬಾಯಿಗೇ ಹೋಗುತ್ತದೆ, ಆಮೇಲೆ ಬಲತೋಳಿನ ಚರ್ಮದಲ್ಲಿ ಸಣ್ಣ ಗುಳ್ಳೆ ಏಳುವಂತೆ ಮತ್ತೊಂದು ಚುಚ್ಚುಮದ್ದು ಕೊಡುತ್ತಾರೆ, ಅದೂ ಪೋಲಿಯೋದ್ದೇ. "ಹನಿ ಹಾಕಿದ್ದಾಯ್ತಲ್ಲವ್ವ, ಅದುಕ್ಕೇ ಮತ್ತೆ ಸೂಜಿ ಯಾಕೆ?" ಎಂದು ಜೊತೆಗೆ ಬಂದ ಅಜ್ಜಿ ಆಶಾ ಕಾರ್ಯಕರ್ತೆಯನ್ನು ಕೇಳುವುದು ನ್ಯಾಯವಾಗಿಯೇ ಇದೆ. ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ: ಆರು ರೋಗಗಳನ್ನು ತಡೆಯುವ ಒಂದೇ ಚುಚ್ಚುಮದ್ದಿನಲ್ಲಿ ಪೋಲಿಯೋ ಕೂಡ ಸೇರಿರುವಾಗ ಹನಿಯನ್ನು ಬಿಟ್ಟುಬಿಡಬಹುದೇ ಎಂದು ತಂದೆತಾಯಿ ಕೇಳುತ್ತಾರೆ.

ಸೂಜಿ ಹೆಚ್ಚೋ ಹನಿ ಹೆಚ್ಚೋ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಆಯಾ ವೈರಸ್ ನಿಜವಾಗಿ ಹಾನಿ ಮಾಡುವುದು ದೇಹದ ಯಾವ ಭಾಗದಲ್ಲಿ, ಮತ್ತು ಆ ಮಗುವಿನ ಕರುಳು ಆ ವೈರಸ್ಸನ್ನು ಮೊದಲೇ ಕಂಡಿದೆಯೇ ಎಂಬ ಎರಡು ಸಂಗತಿಗಳನ್ನು ವಿಚಾರಿಸಿಕೊಂಡರೆ ಬಹುಪಾಲು ಆಯ್ಕೆಗಳು ತಾವಾಗಿಯೇ ತೀರ್ಮಾನವಾಗುತ್ತವೆ. ಈ ಮಾರ್ಗದರ್ಶಿಯನ್ನು ಬರೆದಿರುವುದು ಆ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡೇ.

ತೋಳಿಗೆ ಚುಚ್ಚಿದ ಮದ್ದು ಕರುಳನ್ನು ಕಾಯುವುದು ಹೇಗೆ

ತೋಳಿಗೋ ತೊಡೆಗೋ ಕೊಟ್ಟ ಲಸಿಕೆಯ ಅಂಶಗಳು ಹತ್ತಿರದ ಕಂಕುಳು ಅಥವಾ ತೊಡೆಸಂದಿಯ ದುಗ್ಧಗ್ರಂಥಿಗಳನ್ನು ಸೇರುತ್ತವೆ. ಅಲ್ಲಿ ತಯಾರಾದ ರೋಗನಿರೋಧಕ ಕೋಶಗಳು ಮುಖ್ಯವಾಗಿ ಐಜಿಜಿ ಎಂಬ ಪ್ರತಿಕಾಯವನ್ನು, ಅಂದರೆ ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನನ್ನು, ರಕ್ತಕ್ಕೆ ಬಿಡುತ್ತವೆ. ಬಾಯಿಯ ಮೂಲಕ ಹೋದ ಜೀವಂತ ಲಸಿಕೆಯಾದರೋ ಕರುಳಿನೊಳಗೇ ಬೆಳೆದು, ಕರುಳಿನ ಗೋಡೆಯಲ್ಲಿರುವ ರೋಗರಕ್ಷಣಾ ಅಂಗಾಂಶಕ್ಕೆ ನೇರವಾಗಿ ಪಾಠ ಹೇಳುತ್ತದೆ. ಅಲ್ಲಿ ತಯಾರಾದ ಕೋಶಗಳು ಐಜಿಎ ಎಂಬ ಬೇರೊಂದು ಪ್ರತಿಕಾಯವನ್ನು ಮಾಡುತ್ತವೆ ಮತ್ತು ಅದು ಲೋಳೆಪೊರೆಯನ್ನು ದಾಟಿ ಕರುಳಿನ ಒಳಭಾಗಕ್ಕೆ ಸ್ರವಿಸಿ, ವೈರಸ್ ಅಂಟಿಕೊಳ್ಳುವ ಮೊದಲೇ ಅದನ್ನು ಹಿಡಿಯುತ್ತದೆ. ಕರುಳಿನಲ್ಲಿ ತರಬೇತಾದ ಕೋಶಗಳ ಮೈಮೇಲೆ ಆಲ್ಫಾ-4 ಬೀಟಾ-7 ಎಂಬ ಪ್ರೋಟೀನ್ ಇರುತ್ತದೆ. ರಕ್ತದಲ್ಲಿ ಎಲ್ಲಿ ಸುತ್ತಾಡಿದರೂ ಅವು ಕರುಳಿಗೇ ಮರಳುವುದು ಅದರ ಬಲದಿಂದ. ಕಂಕುಳಲ್ಲಿ ತಯಾರಾದ ಕೋಶಗಳಲ್ಲಿ ಈ ಪ್ರೋಟೀನ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಬರೀ ಚುಚ್ಚುಮದ್ದು ಪಡೆದ ಮಗುವಿನ ರಕ್ತದಲ್ಲಿ ಪ್ರತಿಕಾಯ ಯಥೇಚ್ಛವಾಗಿದ್ದರೂ ಕರುಳಿನ ಒಳಪದರದಲ್ಲಿ ಅದು ತೀರಾ ಕಡಿಮೆ.

ಹಾಗಾದರೆ ಚುಚ್ಚುಮದ್ದು ಕರುಳಿನ ರೋಗಕ್ಕೆ ಉಪಯೋಗವಿಲ್ಲವೇ? ಇದೆ, ಎರಡು ದಾರಿಗಳಿಂದ ಇದೆ. ಮೊದಲನೆಯದು, ಕರುಳಿನ ಮೂಲಕ ಒಳಹೊಕ್ಕ ಎಷ್ಟೋ ವೈರಸ್‌ಗಳು ಕರುಳಿಗೆ ಹೆಚ್ಚಿನ ತೊಂದರೆ ಕೊಡದೆ, ರಕ್ತವನ್ನು ಹಿಡಿದು ಮಿದುಳುಬಳ್ಳಿಗೋ ಯಕೃತ್ತಿಗೋ ಹೋಗಿ ಅಲ್ಲಿ ಕೆಡುಕು ಮಾಡುತ್ತವೆ. ಕೆರೆ ತುಂಬಿದ್ದರೂ ತೂಬು ಮುಚ್ಚಿದರೆ ಕೆಳಗಿನ ಗದ್ದೆಗೆ ನೀರು ಹರಿಯುವುದಿಲ್ಲವಷ್ಟೆ. ರಕ್ತದಲ್ಲಿರುವ ಪ್ರತಿಕಾಯ ಮಾಡುವುದು ಆ ಕೆಲಸವನ್ನೇ. ಎರಡನೆಯದು ಇನ್ನೂ ಕುತೂಹಲದ್ದು: ಮಗುವಿನ ಕರುಳು ಹನಿಯಿಂದಲೋ ಸಹಜ ಸೋಂಕಿನಿಂದಲೋ ಒಮ್ಮೆ ಪಾಠ ಕಲಿತಿದ್ದರೆ, ಆಮೇಲೆ ಕೊಟ್ಟ ಚುಚ್ಚುಮದ್ದು ಆ ಹಳೆಯ ನೆನಪಿನ ಕೋಶಗಳನ್ನು ಎಬ್ಬಿಸಿ ಕರುಳಿಗೇ ಕಳುಹಿಸುತ್ತದೆ. ಕಲಿಯದ ಕರುಳಿಗೆ ಸೂಜಿ ಹೊಸದಾಗಿ ಕಲಿಸಲಾರದು, ಕಲಿತ ಕರುಳಿಗೆ ಚೆನ್ನಾಗಿಯೇ ನೆನಪಿಸುತ್ತದೆ.

ಪೋಲಿಯೋ: ಹನಿ ಮತ್ತು ಸೂಜಿಯ ಹಳೆಯ ವಾದ

ಪೋಲಿಯೋ ವೈರಸ್ ಬಾಯಿಯಿಂದ ಹೊಕ್ಕು ಗಂಟಲಿನಲ್ಲೂ ಕರುಳಿನಲ್ಲೂ ಬೆಳೆಯುತ್ತದೆ. ಸೋಂಕು ತಗಲಿದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಸುಮಾರು 200 ಸೋಂಕುಗಳಲ್ಲಿ ಒಂದರಲ್ಲಿ ಮಾತ್ರ ವೈರಸ್ ಮಿದುಳುಬಳ್ಳಿಯ ಚಲನ ನರಕೋಶಗಳನ್ನು ತಲುಪಿ ಮರಳಿ ಬಾರದ ಪಾರ್ಶ್ವವಾಯು ಉಂಟುಮಾಡುತ್ತದೆ. ಜೋನಾಸ್ ಸಾಕ್ ಅವರ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಚುಚ್ಚುಮದ್ದು ಪರಿಣಾಮಕಾರಿ ಎಂದು 1955ರ ಏಪ್ರಿಲ್ 12ರಂದು ಪ್ರಕಟವಾಯಿತು. ಆಲ್ಬರ್ಟ್ ಸೇಬಿನ್ ಅವರ ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಹನಿ 1960ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ಅಂದಿನಿಂದ ಇವೆರಡರ ಪಕ್ಷಗಳು ಒಂದನ್ನೊಂದು ಒಪ್ಪಲು ದಶಕಗಳೇ ಹಿಡಿದವು.

ಹನಿಯ ಪರವಾದ ವಾದ ಗಟ್ಟಿಯಾದುದು. ಅದು ಅಗ್ಗ, ಹಾಕಲು ನರ್ಸ್ ಬೇಕಿಲ್ಲ, ಕರುಳಿನಲ್ಲಿ ರಕ್ಷಣೆ ಕಟ್ಟುವುದರಿಂದ ವೈರಸ್ ಒಬ್ಬರಿಂದ ಒಬ್ಬರಿಗೆ ಹರಡುವುದನ್ನೇ ತಡೆಯುತ್ತದೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಜಾತ್ರೆ ಎಂದು ಎಲ್ಲೆಂದರಲ್ಲಿ ಮೇಜು ಹಾಕಿ ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಲಸಿಕೆ ಕೊಡಲು ಸಾಧ್ಯವಾದದ್ದು ಅದು ಹನಿಯಾದ್ದರಿಂದ. ಆದರೆ ಅದರ ಕೊರತೆಗಳೂ ಸಣ್ಣವಲ್ಲ. ನಮ್ಮಂಥ ದೇಶಗಳ ಮಕ್ಕಳ ಕರುಳಿನಲ್ಲಿ ಬೇರೆ ವೈರಸ್‌ಗಳ ಪೈಪೋಟಿ, ಪದೇಪದೇ ಬರುವ ಭೇದಿಯಿಂದಾದ ಹಾನಿ, ತಾಯಿಯಿಂದ ಬಂದ ಪ್ರತಿಕಾಯ ಎಲ್ಲವೂ ಸೇರಿ ಹನಿ ಸರಿಯಾಗಿ ಹಿಡಿಯುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್ ಅವರು 1970ರ ದಶಕದಲ್ಲೇ ಇದನ್ನು ತೋರಿಸಿ, ಚುಚ್ಚುಮದ್ದು ಬೇಕೆಂದು ವಾದಿಸುತ್ತಲೇ ಬಂದರು. 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಉತ್ತರ ಪ್ರದೇಶದಲ್ಲಿ ಪೋಲಿಯೋ ವೈರಸ್ಸಿನ ಮೂರೂ ಬಗೆಗಳಿಗೆಂದು ಕೊಡುತ್ತಿದ್ದ ಅಂದಿನ ತ್ರಿವಿಧ ಹನಿಯ ಒಂದೊಂದು ಸರದಿ (ಡೋಸ್), ಒಂದನೇ ಬಗೆಯ ಪೋಲಿಯೋದ ವಿರುದ್ಧ ಶೇ 9ರಷ್ಟು ಮಾತ್ರ ರಕ್ಷಣೆ ಕೊಡುತ್ತಿತ್ತು. ಇನ್ನೊಂದು ಕೊರತೆ ಅಪರೂಪದ್ದು, ಆದರೆ ಕಠೋರವಾದದ್ದು: ಸುಮಾರು 27 ಲಕ್ಷ ಮೊದಲ ಸರದಿಗಳಿಗೆ ಒಂದರಂತೆ, ಹನಿಯಲ್ಲಿರುವ ದುರ್ಬಲ ವೈರಸ್ಸೇ ಪಾರ್ಶ್ವವಾಯು ಉಂಟುಮಾಡುವುದುಂಟು.

ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲದ್ದರಿಂದ ಈ ಅಪಾಯ ಸೊನ್ನೆ, ಮತ್ತು ಅದು ರಕ್ತದಲ್ಲಿ ಕಟ್ಟುವ ರಕ್ಷಣೆ ಮಗುವಿನ ಕಾಲನ್ನು ನಂಬಿಕೆಯಿಂದ ಕಾಯುತ್ತದೆ. ಆದರೆ ಅದು ಕರುಳನ್ನು ಎಷ್ಟು ಮಟ್ಟಿಗೆ ಬರಿದೇ ಬಿಡುತ್ತದೆ ಎಂಬುದನ್ನು ಇಸ್ರೇಲ್ 2013ರಲ್ಲಿ ಕಂಡಿತು. ಅಲ್ಲಿ 2005ರಿಂದ ಬರೀ ಚುಚ್ಚುಮದ್ದನ್ನೇ ಕೊಡುತ್ತಿದ್ದರು, ಲಸಿಕೆ ಪಡೆದವರ ಪ್ರಮಾಣವೂ ಅತಿ ಹೆಚ್ಚಿತ್ತು. ಆದರೂ ಚರಂಡಿ ನೀರಿನ ಪರೀಕ್ಷೆಯಲ್ಲಿ ಒಂದನೇ ಬಗೆಯ ಕಾಡು (ಲಸಿಕೆಯದಲ್ಲದ, ಸಹಜವಾಗಿ ಹರಡುವ) ಪೋಲಿಯೋ ವೈರಸ್ ತಿಂಗಳುಗಟ್ಟಲೆ ಸಿಗುತ್ತಿತ್ತು, ಅಂದರೆ ಆರೋಗ್ಯವಂತ ಮಕ್ಕಳ ಕರುಳಿನಿಂದ ಕರುಳಿಗೆ ಅದು ಸದ್ದಿಲ್ಲದೆ ಹರಡುತ್ತಿತ್ತು. ಒಂದು ಮಗುವಿಗೂ ಪಾರ್ಶ್ವವಾಯು ಬರಲಿಲ್ಲ ಎಂಬುದು ಸೂಜಿಯ ಗೆಲುವು. ಹರಡುವುದನ್ನು ನಿಲ್ಲಿಸಲು ಅವರು ಮತ್ತೆ ಹನಿಯ ಅಭಿಯಾನ ನಡೆಸಬೇಕಾಯಿತು ಎಂಬುದು ಅದರ ಮಿತಿ. ಸ್ವೀಡನ್, ಫಿನ್ಲೆಂಡ್, ನೆದರ್ಲೆಂಡ್ಸ್ ದೇಶಗಳು ಚುಚ್ಚುಮದ್ದಿನಿಂದಲೇ ಪೋಲಿಯೋವನ್ನು ತೊಡೆದುಹಾಕಿದವಲ್ಲ ಎಂದು ಕೇಳುವವರಿದ್ದಾರೆ. ಮಲವಿಸರ್ಜನೆಯ ವ್ಯವಸ್ಥೆ ಚೆನ್ನಾಗಿರುವ ಕಡೆ ವೈರಸ್ ಹೆಚ್ಚಾಗಿ ಗಂಟಲಿನ ದ್ರವದಿಂದ ಹರಡುತ್ತದೆ ಮತ್ತು ಗಂಟಲಿನಲ್ಲಿ ವೈರಸ್ ಬೆಳೆಯುವುದನ್ನು ಚುಚ್ಚುಮದ್ದು ಚೆನ್ನಾಗಿಯೇ ತಗ್ಗಿಸುತ್ತದೆ. ಆ ದೇಶಗಳ ಅನುಭವವನ್ನು ತೆರೆದ ಚರಂಡಿಯ ಪಕ್ಕದಲ್ಲೇ ಕುಡಿಯುವ ನೀರಿನ ಪೈಪು ಹಾದುಹೋಗುವ ಬಡಾವಣೆಗೆ ನೇರವಾಗಿ ಅನ್ವಯಿಸಬಾರದು.

ಇವೆರಡನ್ನೂ ಸೇರಿಸಿದಾಗ ಆಗುವುದೇನು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಸಿಕ್ಕಿದ್ದು ಭಾರತದಲ್ಲೇ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ, ಹಿಂದೆ ಅನೇಕ ಬಾರಿ ಹನಿ ಪಡೆದಿದ್ದ ಸಾವಿರದ ಹತ್ತಿರದಷ್ಟು ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಚುಚ್ಚುಮದ್ದು, ಕೆಲವರಿಗೆ ಮತ್ತೆ ಹನಿ, ಕೆಲವರಿಗೆ ಏನನ್ನೂ ಕೊಡದೆ, ಆಮೇಲೆ ಎಲ್ಲರಿಗೂ ಪರೀಕ್ಷೆಯ ಹನಿ ಹಾಕಿ ಮಲದಲ್ಲಿ ಎಷ್ಟು ವೈರಸ್ ಬರುತ್ತದೆಂದು ನೋಡಿದರು. ಏನೂ ಪಡೆಯದವರಿಗೆ ಹೋಲಿಸಿದರೆ ಒಂದು ಚುಚ್ಚುಮದ್ದು ಪಡೆದವರಲ್ಲಿ ವೈರಸ್ ವಿಸರ್ಜನೆ, ವಯಸ್ಸು ಮತ್ತು ವೈರಸ್ಸಿನ ಬಗೆಗೆ ತಕ್ಕಂತೆ, ಶೇ 39ರಿಂದ ಶೇ 76ರವರೆಗೆ ತಗ್ಗಿತ್ತು. ವೆಲ್ಲೂರಿನಲ್ಲಿ ನಡೆದು, ಇದರಂತೆಯೇ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದೇ ಮಾತನ್ನು ಹೇಳಿತು. ಹನಿಯಿಂದ ಪಾಠ ಕಲಿತ ಕರುಳಿಗೆ ತೋಳಿನ ಸೂಜಿ ಮತ್ತೊಂದು ಹನಿಗಿಂತ ಚೆನ್ನಾಗಿ ನೆನಪಿಸಿತು. ಚುಚ್ಚುಮದ್ದು ಕರುಳನ್ನು ಮುಟ್ಟುವುದೇ ಇಲ್ಲ ಎಂದು ಹಿಂದೆ ಕಲಿತ ವೈದ್ಯರಲ್ಲಿ ಕೆಲವರು ಈಗಲೂ ಹಾಗೆಯೇ ಹೇಳುತ್ತಾರೆ, ಈ ಎರಡು ಅಧ್ಯಯನಗಳ ನಂತರ ಆ ಮಾತು ನಿಲ್ಲುವುದಿಲ್ಲ.

ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಈಗಿನ ರೂಪ ಈ ತಿಳಿವಳಿಕೆಗೆ ಹೊಂದುತ್ತದೆ. ಹುಟ್ಟಿದಾಗ, 6, 10, 14ನೇ ವಾರದಲ್ಲಿ ಮತ್ತು 16ರಿಂದ 24 ತಿಂಗಳೊಳಗೆ ಹನಿ. 6ನೇ ವಾರ, 14ನೇ ವಾರ ಮತ್ತು, 2023ರಿಂದ, 9ನೇ ತಿಂಗಳು ತುಂಬಿದ ಮೇಲೆ ಚುಚ್ಚುಮದ್ದು. ಸರ್ಕಾರಿ ಕೇಂದ್ರದಲ್ಲಿ ಕೊಡುವುದು ಪೂರ್ಣ ಸರದಿಯ ಐದನೇ ಒಂದು ಭಾಗ, ಅಂದರೆ 0.1 ಮಿಲಿಲೀಟರ್, ಚರ್ಮದೊಳಗೆ. ಇದನ್ನು ಕೇಳಿ "ಸರ್ಕಾರ ಮದ್ದು ಉಳಿಸುತ್ತಿದೆ" ಎನ್ನುವವರಿದ್ದಾರೆ. ಜಗತ್ತಿನಾದ್ಯಂತ ಲಸಿಕೆಯ ಕೊರತೆ ಇದ್ದಾಗ ಈ ಕ್ರಮ ಬಂದದ್ದು ನಿಜ, ಆದರೆ ಚರ್ಮದಲ್ಲಿ ರೋಗರಕ್ಷಣಾ ಕೋಶಗಳು ದಟ್ಟವಾಗಿರುವುದರಿಂದ ಇಂಥ ಎರಡು ಸಣ್ಣ ಸರದಿಗಳು ಸ್ನಾಯುವಿಗೆ ಕೊಟ್ಟ ಒಂದು ಪೂರ್ಣ ಸರದಿಗಿಂತ ಹೆಚ್ಚು ಮಕ್ಕಳಲ್ಲಿ ಪ್ರತಿಕಾಯ ಹುಟ್ಟಿಸುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಖಾಸಗಿಯಲ್ಲಿ ಸಿಗುವ ಸಂಯುಕ್ತ ಚುಚ್ಚುಮದ್ದಿನಲ್ಲಿ ಪೂರ್ಣ ಸರದಿಯ ಪೋಲಿಯೋ ಇರುತ್ತದೆ. ಮೂರು ಸರದಿ ಮತ್ತು ಬೂಸ್ಟರ್ ಪಡೆದರೆ ಮಗುವಿನ ವೈಯಕ್ತಿಕ ರಕ್ಷಣೆ ಸೊಗಸಾಗಿರುತ್ತದೆ. ಚುಚ್ಚುವ ಸಂಖ್ಯೆಯೂ ಕಡಿಮೆ. ಹಣ ಇದ್ದವರು ಅದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಪಡೆದ ಮಗುವಿಗೂ ಹುಟ್ಟಿದಾಗಿನ ಹನಿ ಮತ್ತು ಪಲ್ಸ್ ಪೋಲಿಯೋ ಭಾನುವಾರದ ಹನಿ ಬೇಕು ಎಂಬುದು ನನ್ನ ನಿಲುವು. ಭಾರತದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಪ್ರಮಾಣಪತ್ರ ಬಂತು. ಆದರೆ ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ವೈರಸ್ ಇರುವವರೆಗೆ ಕರುಳಿನ ರಕ್ಷಣೆಯನ್ನು ಕೈಬಿಡುವುದು ಜಾಣತನವಲ್ಲ.

ಹೆಪಟೈಟಿಸ್ ಎ: ಸೂಜಿಯೇ ಸಾಕು

ಅರಿಶಿನ ಕಾಮಾಲೆಯ ಈ ವೈರಸ್ಸೂ ಕಲುಷಿತ ನೀರು, ಆಹಾರದಿಂದಲೇ ಬರುತ್ತದೆ, ಆದರೆ ಹಾನಿ ಮಾಡುವುದು ಯಕೃತ್ತಿಗೆ. ಕರುಳಿನಿಂದ ಯಕೃತ್ತಿಗೆ ಹೋಗಲು ರಕ್ತವನ್ನು ಹಾಯಲೇಬೇಕಾದ್ದರಿಂದ ಇಲ್ಲಿ ಚುಚ್ಚುಮದ್ದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬೇರೆಯವರ ರಕ್ತದಿಂದ ತೆಗೆದ ಐಜಿಜಿಯನ್ನು ಚುಚ್ಚಿದರೇ ಈ ರೋಗ ತಡೆಯಬಹುದೆಂದು 1940ರ ದಶಕದಲ್ಲೇ ತಿಳಿದಿತ್ತು. 1992ರಲ್ಲಿ ಪ್ರಕಟವಾದ, ನ್ಯೂಯಾರ್ಕ್ ರಾಜ್ಯದ ಒಂದು ಸಮುದಾಯದ ಮಕ್ಕಳ ಮೇಲಿನ ಪರೀಕ್ಷೆಯಲ್ಲಿ ನಿಷ್ಕ್ರಿಯ ಲಸಿಕೆಯ ಒಂದೇ ಸರದಿ ಪಡೆದವರಲ್ಲಿ ಕೆಲವು ವಾರಗಳ ನಂತರ ಒಬ್ಬರಿಗೂ ಕಾಮಾಲೆ ಬರಲಿಲ್ಲ.

ನಮ್ಮ ಎರಡು ಜಿಲ್ಲೆಗಳ ಮಧ್ಯಮವರ್ಗದ ಮನೆಗಳು ಹೆಚ್ಚು ಯೋಚಿಸಬೇಕಾದ ಲಸಿಕೆ ಇದೇ ಎಂದು ನನಗನ್ನಿಸುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಈ ಸೋಂಕು ಬಂದರೆ ಬಹುಪಾಲು ಲಕ್ಷಣವೇ ಕಾಣುವುದಿಲ್ಲ. ದೊಡ್ಡವರಾದ ಮೇಲೆ ಬಂದರೆ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಕಾಮಾಲೆ ಆಗುತ್ತದೆ ಮತ್ತು ಅಪರೂಪಕ್ಕೆ ಯಕೃತ್ತು ಕೈಕೊಡುತ್ತದೆ. ಒಂದು ತಲೆಮಾರಿನ ಹಿಂದೆ ಹಳ್ಳಿಯ ಮಕ್ಕಳೆಲ್ಲ ಬಾಲ್ಯದಲ್ಲೇ ಗೊತ್ತಿಲ್ಲದೆ ಸೋಂಕು ಪಡೆದು ಜೀವನಪೂರ್ತಿ ರಕ್ಷಣೆ ಗಳಿಸುತ್ತಿದ್ದರು. ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಫಿಲ್ಟರ್ ನೀರು ಕುಡಿದು ಬೆಳೆದ ಹುಡುಗ ಹದಿನೆಂಟಕ್ಕೆ ಹಾಸ್ಟೆಲ್ ಸೇರಿ, ಮೆಸ್ಸಿನ ಊಟ, ರಸ್ತೆ ಬದಿಯ ಪಾನಿಪೂರಿ, ಛತ್ರದ ನೀರು ಎಂದು ಹೊರಗಿನದ್ದನ್ನು ಸೇವಿಸತೊಡಗಿದಾಗ ಅವನ ಮೈಯಲ್ಲಿ ಒಂದು ಹನಿ ಪ್ರತಿಕಾಯವೂ ಇರುವುದಿಲ್ಲ.

ಈ ಲಸಿಕೆ ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಖಾಸಗಿಯಲ್ಲೇ ಕೊಳ್ಳಬೇಕು. ಆಯ್ಕೆ ಎರಡು. ನಿಷ್ಕ್ರಿಯ ಲಸಿಕೆ ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಆರು ತಿಂಗಳ ಅಂತರದಲ್ಲಿ ಎರಡು ಸರದಿ, ಸ್ನಾಯುವಿಗೆ. ದುರ್ಬಲಗೊಳಿಸಿದ ಜೀವಂತ ಲಸಿಕೆ ಒಂದೇ ಸರದಿ, ಚರ್ಮದಡಿಗೆ. ಹೌದು, ಜೀವಂತ ವೈರಸ್ಸಿನದಾದರೂ ಅದು ಹನಿಯಲ್ಲ, ಚುಚ್ಚುಮದ್ದೇ. ಎರಡನೇ ಬಾರಿ ಕರೆದುಕೊಂಡು ಬರುವುದು ಕಷ್ಟವೆನ್ನುವ ಮನೆಗೆ ಒಂದೇ ಸರದಿಯದು ಅನುಕೂಲ. ಮನೆಯ ಮಗುವಿಗೆ ರೋಗನಿರೋಧಕ ಶಕ್ತಿಯ ತೊಂದರೆ ಇದ್ದರೆ, ಅಥವಾ ಲಸಿಕೆ ಪಡೆಯುವವರು ಗರ್ಭಿಣಿಯಾಗಿದ್ದರೆ, ಜೀವಂತ ಲಸಿಕೆಯ ಮಾತೇ ಬೇಡ. ಇವೆರಡರ ನಡುವೆ ಗುಣಮಟ್ಟದ ದೊಡ್ಡ ಅಂತರವಿಲ್ಲ. ಎರಡನೇ ಸರದಿಯನ್ನು ಮರೆಯದ ಮನೆಯಾದರೆ ನಾನು ನಿಷ್ಕ್ರಿಯವನ್ನೇ ಸೂಚಿಸುತ್ತೇನೆ.

ಹೆಪಟೈಟಿಸ್ ಇ ಕೂಡ ಇದೇ ದಾರಿಯಲ್ಲಿ ಬರುತ್ತದೆ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರು ಕೆಟ್ಟು ಸುಮಾರು 29,000 ಮಂದಿಗೆ ಕಾಮಾಲೆಯಾದದ್ದು ಈ ವೈರಸ್ಸಿನಿಂದ ಎಂದು ಬಹಳ ವರ್ಷಗಳ ನಂತರ ತಿಳಿಯಿತು. ತುಂಬು ಗರ್ಭಿಣಿಯರಿಗೆ ಇದು ಪ್ರಾಣಾಂತಿಕ. ಚೀನಾ 2011ರಲ್ಲಿ ಇದಕ್ಕೊಂದು ಚುಚ್ಚುಮದ್ದಿಗೆ ಅನುಮತಿ ನೀಡಿದೆ. ನಮ್ಮಲ್ಲಿ ವಾಡಿಕೆಯ ಲಸಿಕೆಗಳಲ್ಲಿ ಅದಿಲ್ಲವಾದ್ದರಿಂದ ಗರ್ಭಿಣಿಯ ಮಟ್ಟಿಗೆ ಕುದಿಸಿ ಆರಿಸಿದ ನೀರೇ ಆಯ್ಕೆ.

ರೋಟಾವೈರಸ್: ಇಲ್ಲಿ ಸೂಜಿ ಸೋತಿದೆ

ರೋಟಾವೈರಸ್ ಕರುಳಿನ ಒಳಪದರದ ಕೋಶಗಳನ್ನೇ ತಿಂದು, ಅಲ್ಲೇ ಹಾನಿ ಮಾಡಿ, ನೀರುನೀರಾದ ಭೇದಿಯಿಂದ ಮಗುವನ್ನು ಒಂದೇ ದಿನದಲ್ಲಿ ಬಾಡಿಸಿಬಿಡುತ್ತದೆ. ಹಾನಿಯ ಜಾಗ ಕರುಳೇ ಆದ್ದರಿಂದ ರಕ್ತದ ದಾರಿಯನ್ನು ಮುಚ್ಚಿದರೆ ಸಾಲದು. ಆದರೂ ಬಾಯಿಯ ಲಸಿಕೆ ಬಡದೇಶಗಳಲ್ಲಿ ಅರೆಬರೆಯಾಗಿ ಹಿಡಿಯುವುದನ್ನು ಕಂಡ ಸಂಶೋಧಕರು, ವೈರಸ್ಸಿನ ವಿಪಿ8 ಎಂಬ ಪ್ರೋಟೀನಿನ ಭಾಗವನ್ನು ಬಳಸಿ ಚುಚ್ಚುಮದ್ದೊಂದನ್ನು ತಯಾರಿಸಿ ಆಫ್ರಿಕಾದ ದೇಶಗಳಲ್ಲಿ ದೊಡ್ಡ ಪರೀಕ್ಷೆಗೆ ಒಡ್ಡಿದರು. ಅದು ಬಾಯಿಯ ಲಸಿಕೆಗಿಂತ ಮೇಲಾಗುವ ಸೂಚನೆ ಮಧ್ಯಂತರ ವಿಶ್ಲೇಷಣೆಯಲ್ಲಿ ಕಾಣದೆ 2022ರಲ್ಲಿ ಪರೀಕ್ಷೆಯನ್ನು ನಿಲ್ಲಿಸಿದರು. ಸೂಜಿಯಿಂದ ರೋಟಾಕ್ಕೆ ಎಂದಿಗೂ ರಕ್ಷಣೆ ಸಿಗದು ಎಂದು ಇದರಿಂದ ಹೇಳಲಾಗದು, ಆದರೆ ಇಂದು ಮಗುವಿಗೆ ಹಾಕಿಸಲು ಇರುವುದು ಬಾಯಿಯ ಲಸಿಕೆ ಮಾತ್ರ, ಸೂಜಿಗಾಗಿ ಕಾಯುತ್ತ ಕೂರಬಾರದು.

ಬಾಯಿಯ ಲಸಿಕೆಗಳಲ್ಲಿ ಆರಿಸುವಾಗ ಹೆಸರಿಗಿಂತ ವಯಸ್ಸು ಮುಖ್ಯ. ಭಾರತದ್ದೇ ಆದ ರೋಟಾವ್ಯಾಕ್ ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಿಂದ ಸಿಕ್ಕ 116ಇ ತಳಿಯಿಂದ ತಯಾರಾದುದು, ಐದು ಹನಿ. ಸೀರಂ ಸಂಸ್ಥೆಯ ರೋಟಾಸಿಲ್ ಐದು ತಳಿಗಳದು, ಪ್ರಮಾಣ ಹೆಚ್ಚು. ಎರಡೂ 6, 10, 14ನೇ ವಾರದಲ್ಲಿ ಮೂರು ಸರದಿ. ರೋಟಾವ್ಯಾಕ್‌ನ ದೊಡ್ಡ ಪರೀಕ್ಷೆಯಲ್ಲಿ ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿ ಶೇ 56ರಷ್ಟು ತಗ್ಗಿತು. ಖಾಸಗಿಯಲ್ಲಿ ಸಿಗುವ ವಿದೇಶಿ ಲಸಿಕೆಗಳಿಗೆ ಶ್ರೀಮಂತ ದೇಶಗಳಲ್ಲಿ ಶೇ 85ರ ಮೇಲಿನ ಫಲ ಕಂಡಿದೆ ಎಂದು ಅವುಗಳಿಗೆ ಹೆಚ್ಚು ಹಣ ತೆರುವವರು, ಅದೇ ಲಸಿಕೆಗಳು ಆಫ್ರಿಕಾ ಮತ್ತು ಏಷ್ಯಾದ ಬಡ ಪ್ರದೇಶಗಳಲ್ಲಿ ಹೆಚ್ಚೂಕಡಿಮೆ ನಮ್ಮದರಷ್ಟೇ ಫಲ ಕೊಟ್ಟಿವೆ ಎಂಬುದನ್ನೂ ತಿಳಿದಿರಬೇಕು. ಊರು ಬದಲಾದರೆ ಕರುಳು ಬದಲಾಗುತ್ತದೆ, ಲಸಿಕೆಯಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಮೊದಲ ಸರದಿಯನ್ನು ಒಂದು ವರ್ಷದೊಳಗೆ ಕೊಡಬಹುದು. ಖಾಸಗಿ ಮಕ್ಕಳ ವೈದ್ಯರು ಅನುಸರಿಸುವ ಪಟ್ಟಿಯಲ್ಲಿ 15 ವಾರದೊಳಗೆ ಶುರುಮಾಡಿ ಎಂಟು ತಿಂಗಳೊಳಗೆ ಮುಗಿಸಬೇಕು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಲುಕುವ ತೊಂದರೆ ಹಿಂದೊಮ್ಮೆ ಬಂದಿದ್ದ ಮಗುವಿಗೆ ಈ ಲಸಿಕೆ ಕೊಡುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಒಂದು ಹಳೆಯ ಲಸಿಕೆಯನ್ನು ಹಿಂದೆಗೆದುಕೊಂಡದ್ದು ಈ ಕಾರಣಕ್ಕೇ. ಭಾರತದ ಲಸಿಕೆಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ನಿಗಾ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ.

ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ರಕ್ಷಣೆ ಎಂದರೆ ಲಸಿಕೆ ಪಡೆದ ಮಗುವಿಗೂ ಭೇದಿ ಬರಬಹುದು ಎಂದರ್ಥ. ಆಗ ಓಆರ್‌ಎಸ್, 14 ದಿನ ಸತುವಿನ ಮಾತ್ರೆ, ಎದೆಹಾಲು ನಿಲ್ಲಿಸದಿರುವುದು, ಮಗು ಮಂಕಾದರೆ ತಡಮಾಡದೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗುವುದು, ಇವು ಲಸಿಕೆಯಷ್ಟೇ ಅಗತ್ಯ.

ಉಳಿದವು

ನೊರೊವೈರಸ್‌ಗೆ ಸದ್ಯ ಬಳಕೆಯಲ್ಲಿರುವ ಲಸಿಕೆ ಇಲ್ಲ. ಶಿಶುಗಳ ಮೇಲೆ ನಡೆದ ಒಂದು ಚುಚ್ಚುಮದ್ದಿನ ಪರೀಕ್ಷೆ 2024ರಲ್ಲಿ ಗುರಿ ತಲುಪಲಿಲ್ಲ. ಕೈ-ಕಾಲು-ಬಾಯಿ ರೋಗ ತರುವ ಎಂಟೆರೋವೈರಸ್ 71ಕ್ಕೆ ಚೀನಾದಲ್ಲಿ ನಿಷ್ಕ್ರಿಯ ಚುಚ್ಚುಮದ್ದು ಇದೆ ಮತ್ತು ಅದು ಚೆನ್ನಾಗಿ ಫಲಿಸಿದೆ, ಏಕೆಂದರೆ ಆ ವೈರಸ್ಸಿನ ನಿಜವಾದ ಅಪಾಯವೂ ಪೋಲಿಯೋದಂತೆ ನರಮಂಡಲದಲ್ಲಿ. ಟೈಫಾಯಿಡ್ ಚುಚ್ಚುಮದ್ದನ್ನು ಹಾಕಿಸಿ "ಭೇದಿಗೆ ಹಾಕಿಸಿದ್ದೇವೆ" ಎಂದು ನೆಮ್ಮದಿಯಾಗಿರುವವರನ್ನು ಕಾಣುತ್ತೇವೆ. ಅದು ಒಳ್ಳೆಯ ಲಸಿಕೆ, ಆದರೆ ಒಂದು ಬ್ಯಾಕ್ಟೀರಿಯಾಕ್ಕೆ. ಮೇಲೆ ಹೇಳಿದ ಯಾವ ವೈರಸ್ಸನ್ನೂ ಅದು ತಡೆಯದು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ನೀರು ಕೆಟ್ಟು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದಂಥ ಸಂದರ್ಭದಲ್ಲಿ ನೀರನ್ನು ಸರಿಪಡಿಸುವುದಕ್ಕೆ ಬದಲಿಯಾಗಿ ನಿಲ್ಲಬಲ್ಲ ಸೂಜಿಯೂ ಇಲ್ಲ, ಹನಿಯೂ ಇಲ್ಲ.

ವಿಶೇಷ ಎಚ್ಚರ ಬೇಕಾದ ಮನೆಗಳು

ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ತೀವ್ರ ಕೊರತೆ ಇರುವ ಮಗುವಿಗೆ ಪೋಲಿಯೋ ಹನಿಯನ್ನೂ ರೋಟಾವೈರಸ್ ಲಸಿಕೆಯನ್ನೂ ಕೊಡಬಾರದು. ಪೋಲಿಯೋಗೆ ಚುಚ್ಚುಮದ್ದು ಮಾತ್ರ. ಹಿಂದಿನ ಮಗು ಕಾರಣ ತಿಳಿಯದ ಸೋಂಕಿನಿಂದ ಶೈಶವದಲ್ಲೇ ತೀರಿಕೊಂಡಿದ್ದರೆ ಆ ವಿಷಯವನ್ನು ಮೊದಲ ಹನಿಗೆ ಮುಂಚೆಯೇ ವೈದ್ಯರಿಗೆ ಹೇಳಬೇಕು, ಮುಜುಗರವೆಂದು ಮುಚ್ಚಿಡಬಾರದು. ಹನಿ ಪಡೆದ ಆರೋಗ್ಯವಂತ ಮಗುವಿನ ಮಲದಲ್ಲಿ ಲಸಿಕೆಯ ವೈರಸ್ ಕೆಲವು ವಾರಗಳ ಕಾಲ ಹೊರಬರುತ್ತಿರುತ್ತದೆ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರೋ ಕಿಡ್ನಿ ಕಸಿ ಮಾಡಿಸಿಕೊಂಡವರೋ ಇದ್ದರೆ, ಆ ಮಗುವಿಗೆ ಹನಿಯ ಬದಲು ಚುಚ್ಚುಮದ್ದನ್ನಷ್ಟೇ ಕೊಡಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಸರಿ. ಆಗಲೇ ಹನಿ ಹಾಕಿಸಿಯಾಗಿದ್ದರೆ ಮಗುವಿನ ಬಟ್ಟೆ ಬದಲಿಸುವ ಕೆಲಸವನ್ನು ಬೇರೆಯವರು ವಹಿಸಿಕೊಂಡು, ಪ್ರತಿ ಬಾರಿಯೂ ಸೋಪಿನಿಂದ ಕೈ ತೊಳೆಯಬೇಕು.